ಫ್ಲೈಓವರ್ ಕೆಳಗೆ ಮಲಗುವವರಿಗೆ ಕೆಲಸ ಇಲ್ಲ ಅಂತ ಯಾರು ಹೇಳಿದ್ದು?

"ಬೆಂಗಳೂರಲ್ಲಿ ಕೇಳಿದಷ್ಟು ಕೆಲಸ ಇದೆ, ಸರ್ಕಾರದ ರಾತ್ರಿ ತಂಗುದಾಣಗಳೂ ಇವೆ. ಆದರೂ ಜನ ಫ್ಲೈಓವರ್ ಕೆಳಗೆ ಯಾಕೆ ಮಲಗುತ್ತಾರೆ?" ಎಂದು ಕೇಳಿದ್ದೀರಿ. ಕೆಲಸ ಇರುವುದರಿಂದಲೇ ಅಲ್ಲಿ ಮಲಗುತ್ತಾರೆ.

ನನ್ನದು ಚಾಮರಾಜಪೇಟೆಯಲ್ಲಿ ಸಣ್ಣ ತರಕಾರಿ ಅಂಗಡಿ. ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತೇನೆ. ಅಷ್ಟು ಹೊತ್ತಿಗೆ ಅಲ್ಲಿ ಮಲಗಿದ್ದ ಗಂಡಸರೆಲ್ಲ ಎದ್ದು ಲೋಡು ಇಳಿಸುತ್ತಿರುತ್ತಾರೆ. ನನ್ನ ಮೂಟೆ ಹೊರುವವನೂ ಅವರಲ್ಲೊಬ್ಬ, ರಾಯಚೂರು ಕಡೆಯವನು. ಹೆಂಡತಿ ಹೂವಿನ ಸಾಲಿನಲ್ಲಿ ಕಸ ಗುಡಿಸುತ್ತಾಳೆ, ಮಗು ಗೋಣಿಚೀಲದ ಮೇಲೆ ಮಲಗಿರುತ್ತದೆ. ಬಟ್ಟೆ ಗಂಟು ಹಗಲೆಲ್ಲ ಟೀ ಅಂಗಡಿಯವನ ಹತ್ತಿರ; ಅದಕ್ಕೂ ದಿನಕ್ಕೆ ಹತ್ತು ರೂಪಾಯಿ.

"ರೂಮ್ ಮಾಡಬಾರದೇನಪ್ಪ?" ಅಂದೆ ಒಂದು ದಿನ. "ಅಡ್ವಾನ್ಸ್ ಕೇಳ್ತಾರ್ರಿ ಅಣ್ಣಾರ. ಅಷ್ಟ್ ರೊಕ್ಕ ಇದ್ದಿದ್ರ ಊರಾಗ ಇರ್ತಿದ್ವಿ" ಅಂದ. ಊರಾಚೆ ಬಾಡಿಗೆ ಕಡಿಮೆ, ನಿಜ. ಆದರೆ ಲಾರಿ ಬರುವ ರಾತ್ರಿ ಎರಡು ಗಂಟೆಗೆ ಅಲ್ಲಿಂದ ಯಾವ ಬಸ್ಸಿದೆ? ತಂಗುದಾಣಕ್ಕೂ ಒಮ್ಮೆ ಹೋಗಿದ್ದನಂತೆ. ಅದು ಗಂಡಸರದ್ದು. ಹೆಂಡತಿ ಮಗುವನ್ನು ಬೀದಿಯಲ್ಲಿ ಬಿಟ್ಟು ತಾನೊಬ್ಬ ಫ್ಯಾನ್ ಕೆಳಗೆ ಮಲಗಲಾರದೆ ವಾಪಸ್ ಬಂದ.

ಇನ್ನು ಕೆಲವರು ಇದ್ದ ಸೂರನ್ನೂ ಇಲ್ಲೇ ಕಳೆದುಕೊಂಡವರು. 2013ರ ಜನವರಿಯಲ್ಲಿ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳ ಶೆಡ್ಡುಗಳನ್ನು ಜೆಸಿಬಿ ಕೆಡವಿದ್ದು ನಿಮಗೆ ನೆನಪಿರಬಹುದು. ಎಷ್ಟೋ ಜನ ಅದೇ ಫುಟ್‌ಪಾತಿನಲ್ಲಿ ಉಳಿದರು.

ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಇಪ್ಪತ್ನಾಲ್ಕು ಗಂಟೆಯ ತಂಗುದಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ವಸತಿಹೀನರನ್ನು 2011ರ ಜನಗಣತಿಯವರು ಎಣಿಸಿದ್ದು ಫೆಬ್ರುವರಿ 28ರ ಒಂದೇ ರಾತ್ರಿ, ದೇಶದಲ್ಲಿ 17.7 ಲಕ್ಷ ಎಂದು ಲೆಕ್ಕ ಬಂತು. ಆ ಹೊತ್ತಿನಲ್ಲಿ ಮೂಟೆ ಹೊರುತ್ತಿದ್ದವರು ಎಷ್ಟು ಜನ ಲೆಕ್ಕಕ್ಕೆ ಸಿಕ್ಕರೋ!

ಈಚೆಗೆ ಅವನು ಮಲಗುತ್ತಿದ್ದ ಜಾಗಕ್ಕೆ ಕಂಬಿ ಹಾಕಿ, ಗಿಡ ನೆಟ್ಟಿದ್ದಾರೆ. ನೋಡಲು ಚೆನ್ನಾಗಿಯೇ ಇದೆ. ಮೂವರೂ ಈಗ ಎದುರಿನ ಅಂಗಡಿಗಳ ಮೆಟ್ಟಿಲ ಮೇಲೆ ಮಲಗುತ್ತಾರೆ. ಅಂಗಡಿಯವರು ಶಟರ್ ಎಳೆಯುವುದು ರಾತ್ರಿ ಹತ್ತೂವರೆಗೆ, ಲಾರಿ ಬರುವುದು ಎರಡಕ್ಕೆ.