ಚುಕ್ಕೆ ಮಾಯವಾದ ದಿನ ಔಷಧಿ ನಿಲ್ಲಿಸಬೇಡಿ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಹೊಸ ಟೆಟ್ರಾ ಮೀನುಗಳನ್ನು ತಂದು ನೇರವಾಗಿ ಟ್ಯಾಂಕಿಗೆ ಬಿಟ್ಟಿರಿ, ವಾರದೊಳಗೆ ಬಿಳಿ ಚುಕ್ಕೆ ಬಂತು, ಮೂರು ದಿನ ಔಷಧಿ ಹಾಕಿದಿರಿ, ಚುಕ್ಕೆ ಹೋಯಿತು. ಈಗ ಮತ್ತೆ ಬಂದಿದೆ, ಅದೂ ಮೊದಲಿಗಿಂತ ಜಾಸ್ತಿ. ಔಷಧಿ ನಕಲಿಯೇ ಅಂತ ಕೇಳಿದ್ದೀರಿ. ಔಷಧಿ ಸರಿಯಾಗೇ ಇದ್ದಿರಬಹುದು, ಬೇಗ ನಿಲ್ಲಿಸಿದ್ದೇ ತೊಂದರೆಯಾಗಿದೆ.

ಇದು ಇಕ್, ಅಂದರೆ ಬಿಳಿ ಚುಕ್ಕೆ ರೋಗ. ಮೀನಿನ ಮೈಮೇಲೆ ಕಾಣುವ ಆ ಉಪ್ಪಿನ ಹರಳಿನಂಥ ಚುಕ್ಕೆಯೊಳಗೆ ಪರಾವಲಂಬಿ ಕೂತಿರುತ್ತದೆ, ಚರ್ಮದ ಪದರದ ಕೆಳಗೆ. ಅಲ್ಲಿರುವಾಗ ನೀರಿಗೆ ಹಾಕಿದ ಔಷಧಿ ಅದನ್ನು ಮುಟ್ಟುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅದು ತಾನಾಗಿಯೇ ಉದುರಿ ತಳದ ಜಲ್ಲಿಗೋ ಗಿಡದ ಎಲೆಗೋ ಅಂಟಿಕೊಂಡು, ಸುತ್ತ ಕೋಶ ಕಟ್ಟಿಕೊಂಡು ಒಡೆಯುತ್ತಾ ಹೋಗುತ್ತದೆ. ಒಂದರಿಂದ ನೂರಾರು ಮರಿ, ಕೆಲವೊಮ್ಮೆ ಸಾವಿರ. ಆ ಕೋಶವನ್ನೂ ಔಷಧಿ ದಾಟುವುದಿಲ್ಲ. ಮರಿಗಳು ಹೊರಗೆ ಬಂದು ಮೀನು ಹುಡುಕುತ್ತಾ ಈಜುವ ಒಂದೆರಡು ದಿನ ಇದೆಯಲ್ಲ, ನಮ್ಮ ಕೈಗೆ ಅವು ಸಿಗುವುದು ಆಗ ಮಾತ್ರ. ನಿಮ್ಮ ಮೀನಿನ ಚುಕ್ಕೆಗಳು ಮೂರನೇ ದಿನ ಹೋದದ್ದು ಹಣ್ಣಾಗಿ ಉದುರಿದ್ದರಿಂದ. ಅಷ್ಟರಲ್ಲಿ ಔಷಧಿ ನಿಂತಿತು, ಕೆಳಗೆ ಮರಿಗಳು ಒಡೆದು ಬಂದವು.

ಇದೇ ತಪ್ಪಿನಿಂದ ನಾನು ಮೂರು ಕ್ಲೌನ್ ಲೋಚ್ ಮೀನು ಕಳೆದುಕೊಂಡಿದ್ದೇನೆ. ಚುಕ್ಕೆ ಹೋದ ದಿನ ಖುಷಿಯಿಂದ ಅರ್ಧ ನೀರು ಬದಲಿಸಿ, ಫಿಲ್ಟರಿಗೆ ಕಾರ್ಬನ್ (ನೀರು ಸೋಸುವ ಇದ್ದಿಲು) ವಾಪಸ್ ಹಾಕಿದ್ದೆ. ಐದನೇ ದಿನ ಬೆಳಿಗ್ಗೆ ಅವು ಫಿಲ್ಟರ್ ನೀರು ಬೀಳುವ ಕಡೆ ಮೇಲ್ಮುಖವಾಗಿ ನಿಂತು ಬಾಯಿ ಆಡಿಸುತ್ತಿದ್ದವು. ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ, ಇದ್ದದ್ದೆಲ್ಲ ಕಿವಿರಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ: ಮೀನು ಜೋರಾಗಿ ಉಸಿರಾಡುತ್ತಿದ್ದರೆ, ಕಲ್ಲಿಗೆ ಮೈ ಉಜ್ಜುತ್ತಿದ್ದರೆ, ಚುಕ್ಕೆ ಕಾಣದಿದ್ದರೂ ರೋಗ ಇರಬಹುದು. ಆದರೆ ಮೀನಿನ ಕಸದಿಂದ ನೀರಿಗೆ ಸೇರುವ ವಿಷ, ಅಮೋನಿಯಾ, ಹೆಚ್ಚಾದರೂ ಮೀನು ಹೀಗೇ ಮಾಡುತ್ತದೆ, ಹಾಗಾಗಿ ಮೊದಲು ನೀರು ಟೆಸ್ಟ್ ಮಾಡಿ.

ಈಗ ಮಾಡಬೇಕಾದ್ದು. ಕಾಯಿಲೆ ಬಿದ್ದ ಮೀನನ್ನು ಮಾತ್ರ ಬೇರೆ ಮಾಡಿ ಪ್ರಯೋಜನವಿಲ್ಲ, ಜಲ್ಲಿಯ ತುಂಬ ಕೋಶಗಳಿವೆ. ಇಡೀ ಟ್ಯಾಂಕಿಗೇ ಚಿಕಿತ್ಸೆ ಆಗಬೇಕು. ಮೊದಲು ನಿಜವಾದ ನೀರಿನ ಲೆಕ್ಕ ಹಿಡಿಯಿರಿ. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ಟ್ಯಾಂಕ್ ಎಂದರೆ 65 ಲೀಟರ್ ಅಂದುಕೊಳ್ಳುತ್ತೇವೆ. ಜಲ್ಲಿ, ಮೇಲಿನ ಖಾಲಿ ಜಾಗ ಬಿಟ್ಟು ನೀರು 27 ಸೆಂಟಿಮೀಟರ್ ಮಾತ್ರ ನಿಂತಿದ್ದರೆ ಅದು ಸುಮಾರು 49 ಲೀಟರ್. ಡೋಸ್ ತಪ್ಪುವುದು ಇಲ್ಲಿಯೇ.

ಹೀಟರನ್ನು ಒಂದೆರಡು ಗಂಟೆಗೆ ಒಂದು ಡಿಗ್ರಿಯಂತೆ ಏರಿಸಿ 30 ಡಿಗ್ರಿಗೆ ತನ್ನಿ. ಬಿಸಿ ಏರಿದರೆ ಪರಾವಲಂಬಿಯ ಚಕ್ರ ಬೇಗ ಬೇಗ ತಿರುಗುತ್ತದೆ, ಮರಿಗಳು ಬೇಗ ಹೊರಬೀಳುತ್ತವೆ. ತಣ್ಣನೆಯ ನೀರಿನಲ್ಲಿ ಅದೇ ಚಕ್ರ ವಾರಗಟ್ಟಲೆ ಎಳೆಯುತ್ತದೆ. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಕಿವಿರು ಆಗಲೇ ಹಾಳಾಗಿದೆ. ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್ ಹಗಲೂ ರಾತ್ರಿ ಓಡಲೇಬೇಕು. ತಣ್ಣನೆ ನೀರಿನ ಮೀನುಗಳಿದ್ದರೆ ಇಷ್ಟು ಏರಿಸಬೇಡಿ, ಔಷಧಿಯನ್ನೇ ಹೆಚ್ಚು ದಿನ ನಡೆಸಿ.

ಜೊತೆಗೆ ಲೀಟರಿಗೆ 2 ಗ್ರಾಂ ಉಪ್ಪು. ಬೇರೇನೂ ಬೆರೆಸದ ಬರೀ ಉಪ್ಪು ಆಗಬೇಕು. 49 ಲೀಟರಿಗೆ ಸುಮಾರು 100 ಗ್ರಾಂ ಆಯಿತು. ಒಂದೇ ಸಲ ಸುರಿಯದೆ ಟ್ಯಾಂಕ್ ನೀರಿನಲ್ಲೇ ಕರಗಿಸಿ, ಮೂರು ಪಾಲು ಮಾಡಿ, ಒಂದು ದಿನದಲ್ಲಿ ಹಾಕಿ. ಆವಿಯಾದಾಗ ಬರೀ ನೀರು ತುಂಬಿಸಿ, ಉಪ್ಪು ಆವಿಯಾಗಿ ಹೋಗಿರುವುದಿಲ್ಲ. 12 ಲೀಟರ್ ಬದಲಿಸಿದರೆ ಮಾತ್ರ 24 ಗ್ರಾಂ ಸೇರಿಸಿ. ಲೋಚ್, ಕೋರಿಯಂಥ ಸೂಕ್ಷ್ಮ ಮೀನು ಇದ್ದರೆ ಲೀಟರಿಗೆ 1 ಗ್ರಾಮಿನಲ್ಲೇ ನಿಲ್ಲಿಸಿ ಗಮನಿಸಿ. ಕೆಲವು ಗಿಡಗಳು ಉಪ್ಪಿಗೆ ಕರಗುತ್ತವೆ, ಅವನ್ನು ಮೊದಲೇ ತೆಗೆದಿಡಿ.

ಒಂದು ದಿನ ಬಿಟ್ಟು ಒಂದು ದಿನ ಜಲ್ಲಿಯೊಳಗೆ ಸೈಫನ್ (ನೀರು ಎಳೆಯುವ ಕೊಳವೆ) ಇಳಿಸಿ ಕಾಲು ಭಾಗ ನೀರು ತೆಗೆಯಿರಿ. ನೀರಿನ ಜೊತೆ ಕೋಶಗಳೂ ಹೋಗುತ್ತವೆ. ನನ್ನ ಅನುಭವದಲ್ಲಿ ಅರ್ಧ ಕೆಲಸ ಮಾಡುವುದು ಈ ಸೈಫನ್ನೇ. ಹೊಸ ನೀರು ಕ್ಲೋರಿನ್ ತೆಗೆದದ್ದು, ಅದೇ ಬಿಸಿಯದ್ದು ಇರಲಿ.

ಎರಡು ಮೂರು ದಿನದಲ್ಲಿ ಹಿಡಿತಕ್ಕೆ ಬರದಿದ್ದರೆ ಮಲಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಸೇರಿದ ಔಷಧಿ. ಡೋಸ್ ಬಾಟಲಿ ಮೇಲೆ ಬರೆದಷ್ಟೇ, ಲೋಚ್ ಇದ್ದರೆ ಅರ್ಧ. ಕಾರ್ಬನ್ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಅದು ಔಷಧಿಯನ್ನೆಲ್ಲ ಹೀರಿಬಿಡುತ್ತದೆ. ಲೈಟ್ ಆರಿಸಿ, ಬೆಳಕಿಗೆ ಮಲಕೈಟ್ ಗ್ರೀನ್ ಸತ್ವ ಕಳೆದುಕೊಳ್ಳುತ್ತದೆ. ಫಾರ್ಮಲಿನ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಅದನ್ನು ಬಳಸಲೇಬೇಡಿ, ಮೀನಿಗೆ ತುಂಬ ವಿಷ. ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಸಿಗಡಿ, ಬಸವನಹುಳು ಇದ್ದರೆ ತಾಮ್ರ ಇರುವ ಔಷಧಿ ಹತ್ತಿರವೂ ಬೇಡ. ಎರಡು ಔಷಧಿ ಒಟ್ಟಿಗೆ ಹಾಕಬೇಡಿ.

ಕೊನೆಯ ಚುಕ್ಕೆ ಹೋದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಂದ ಇನ್ನೂ ಹತ್ತು ದಿನ ಬಿಸಿ, ಉಪ್ಪು ಎರಡೂ ಹಾಗೇ ಇರಲಿ. ನಡುವೆ ಒಂದು ಚುಕ್ಕೆ ಕಂಡರೂ ಲೆಕ್ಕ ಮತ್ತೆ ಒಂದರಿಂದ.

ಗೋಲ್ಡ್‌ಫಿಷ್ ಸಾಕುವವರಿಗೆ ಒಂದು ಮಾತು. ಗಂಡು ಮೀನಿನ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಎರಡೂ ಕಡೆ ಸಮವಾಗಿ ಬಿಳಿ ಗುಳ್ಳೆಗಳಿದ್ದು, ಮೀನು ಚುರುಕಾಗಿದ್ದರೆ ಅದು ರೋಗವಲ್ಲ, ಬೆದೆಯ ಗುರುತು. ಔಷಧಿ ಹಾಕಿ ಹಿಂಸೆ ಕೊಡಬೇಡಿ. ಕತ್ತಲಲ್ಲಿ ಟಾರ್ಚ್ ಹಿಡಿದಾಗ ಮೈಮೇಲೆ ಬಂಗಾರದ ಪುಡಿ ಎರಚಿದಂತೆ ಕಂಡರೆ ಅದು ವೆಲ್ವೆಟ್, ಬೇರೆ ಕಾಯಿಲೆ. ಮೈಯಿಂದ ಏನಾದರೂ ದಾರದಂತೆ ಜೋತಾಡುತ್ತಿದ್ದರೆ ಅದು ಆಂಕರ್ ವರ್ಮ್ ಎಂಬ ಪರಾವಲಂಬಿ. ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಟ್ವೀಜರಿನಿಂದ ಬುಡದ ಹತ್ತಿರವೇ ಹಿಡಿದು ನಿಧಾನ ಎಳೆಯಬೇಕು. ನಡುವೆ ತುಂಡಾದರೆ ತಲೆ ಒಳಗೇ ಉಳಿದು ಗಾಯ ಕೊಳೆಯುತ್ತದೆ. ಚುಕ್ಕೆಯೇ ಇಲ್ಲದೆ ಬರೀ ಉಜ್ಜಾಟ, ನೀರೂ ಸರಿಯಿದೆ ಎಂದರೆ ಫ್ಲೂಕ್ ಎಂಬ ಸಣ್ಣ ಚಪ್ಪಟೆ ಹುಳು ಇರಬಹುದು. ಅದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಔಷಧಿ. ಕಿವಿರಿನ ಫ್ಲೂಕ್ ಮೊಟ್ಟೆಗೆ ಅದು ತಟ್ಟುವುದಿಲ್ಲ, ಮರಿಯಾದ ಮೇಲೆ ಮತ್ತೊಂದು ಡೋಸ್ ಬೇಕಾಗುತ್ತದೆ.

ಮುಂದಿನ ಸಲ ಹೊಸ ಮೀನು ಬಂದಾಗ ಬೇರೆ ಟಬ್ಬಿನಲ್ಲಿ ನಾಲ್ಕು ವಾರ ಇಡಿ, ಬಲೆಯನ್ನೂ ಬೇರೆ ಇಡಿ. ಮೀನಿನ ಟ್ಯಾಂಕಿನಿಂದ ತಂದ ಗಿಡದಲ್ಲೂ ಕೋಶ ಬರುತ್ತದೆ.

ಸದ್ಯಕ್ಕೆ ಅಮೋನಿಯಾ ರೀಡಿಂಗ್ ಎಷ್ಟು, ಟೆಟ್ರಾ ಬಿಟ್ಟು ಬೇರೆ ಏನೇನು ಮೀನು ಇವೆ, ಇಷ್ಟು ತಿಳಿಸಿ. ಲೋಚ್ ಇದ್ದರೆ ಉಪ್ಪು ಕರಗಿಸುವ ಮೊದಲೇ ಹೇಳಿ, ರಾತ್ರಿ ಹತ್ತರವರೆಗೂ ನೋಡುತ್ತಿರುತ್ತೇನೆ.