ಟೊಮ್ಯಾಟೊ ಸೂಪ್ ಹಾಕಿದ ಕೇಕ್ ತಿನ್ನೋ ಹಾಗಿರುತ್ತದೆಯೇ?

ಅಮೆರಿಕದ ಹಳೇ ಕಾಲದ ಮಸಾಲೆ ಕೇಕಿಗೆ ಟೊಮ್ಯಾಟೊ ಸೂಪ್ ಹಾಕುತ್ತಾರಂತೆ, ಹುಳಿಯಾಗುವುದಿಲ್ಲವೇ ಎಂದು ಕೇಳಿದ್ದೀರಿ. ಹಾಕುವುದು ನಿಜ, ಹುಳಿಯಾಗುವುದಿಲ್ಲ. ನಾನು ನಾಲ್ಕು ಸಲ ಮಾಡಿದ್ದೇನೆ. ಮೊದಲನೆಯದು ಕಸದ ಬುಟ್ಟಿಗೆ ಹೋಯಿತು, ಉಳಿದ ಮೂರೂ ಚೂರು ಬಿಡದೆ ಖಾಲಿಯಾದವು.

ಕೆಟ್ಟಿದ್ದು ಯಾಕೆ ಅಂದರೆ, ಡಬ್ಬಿ ಸೂಪ್ ಬದಲು ಸೂಪ್ ಪುಡಿಯ ಪೊಟ್ಟಣ ಕಲಸಿ ಹಾಕಿದ್ದೆ. ಅದರಲ್ಲಿ ಬೆಳ್ಳುಳ್ಳಿ ಇದ್ದದ್ದನ್ನು ಓದಿರಲೇ ಇಲ್ಲ. ದಾಲ್ಚಿನ್ನಿ ಜೊತೆ ಬೆಳ್ಳುಳ್ಳಿ ಘಮ ಓವನ್‌ನಿಂದ ಬಂದಾಗಲೇ ಕಥೆ ಮುಗಿದಿತ್ತು. ಇದಕ್ಕೆ ಬೇಕಾದ್ದು ಕಂಡೆನ್ಸ್ಡ್ ಸೂಪ್, ಅಂದರೆ ಕುಡಿಯುವ ಮೊದಲು ನೀರು ಸೇರಿಸಬೇಕಾದ ಗಟ್ಟಿ ಸೂಪ್. ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯಲ್ಲಿ ಜಾನ್ ಡೊರೆನ್ಸ್ 1897ರಲ್ಲಿ ಇಂಥ ಸೂಪ್ ತಯಾರಿಸಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹಾಲು, ಮೊಟ್ಟೆ, ಬೆಣ್ಣೆ ಕೊಳ್ಳುವುದೇ ಕಷ್ಟ. ಅಗ್ಗದ ಸೂಪ್ ಡಬ್ಬಿಯಿಂದ ಕೇಕಿಗೆ ತೇವವೂ ಸಿಗುತ್ತಿತ್ತು, ಬಣ್ಣವೂ ಸಿಗುತ್ತಿತ್ತು. 1960ರಲ್ಲಿ ಈ ಕೇಕಿನ ವಿಧಾನ ಡಬ್ಬಿಯ ಲೇಬಲ್ ಮೇಲೇ ಅಚ್ಚಾಯಿತು.

ಹುಳಿ ಎಲ್ಲಿ ಹೋಗುತ್ತದೆ? ಅಡುಗೆ ಸೋಡಾ ತಿಂದುಹಾಕುತ್ತದೆ. ಟೊಮ್ಯಾಟೊದ ಆಮ್ಲಕ್ಕೆ ಸೋಡಾ ತಾಗಿದ ಕೂಡಲೇ ಅನಿಲದ ಗುಳ್ಳೆ ಏಳುತ್ತವೆ, ಹುಳಿಯೂ ತಗ್ಗುತ್ತದೆ, ಕೇಕೂ ಉಬ್ಬುತ್ತದೆ. ಬೇಕಿಂಗ್ ಪೌಡರ್ ಇದೆಯಲ್ಲ ಅಂತ ಸೋಡಾ ಬಿಟ್ಟುಬಿಡಬೇಡಿ. ಪೌಡರ್‌ನಲ್ಲಿ ಅದರದೇ ಆಮ್ಲ ಇರುತ್ತದೆ, ಸೂಪಿನ ಹುಳಿ ಹಾಗೇ ಉಳಿದುಬಿಡುತ್ತದೆ.

ಅಳತೆ ಹೇಳಿಬಿಡುತ್ತೇನೆ. ಮೈದಾ 2 ಕಪ್, ಸಕ್ಕರೆ ಒಂದೂ ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ, ಬೇಕಿಂಗ್ ಪೌಡರ್ 4 ಚಮಚ, ಸೋಡಾ 1 ಚಮಚ, ಆಲ್‌ಸ್ಪೈಸ್ ಒಂದೂವರೆ, ದಾಲ್ಚಿನ್ನಿ ಪುಡಿ 1, ಲವಂಗದ ಪುಡಿ ಅರ್ಧ. ಚಮಚ ಅಂದರೆ ಟೀ ಚಮಚ. ಇವನ್ನೆಲ್ಲ ಒಟ್ಟಿಗೆ ಜರಡಿ ಹಿಡಿಯಿರಿ. ಬೆಣ್ಣೆ ಅರ್ಧ ಕಪ್, ಮೊಟ್ಟೆ 2, ಸುಮಾರು 300 ಗ್ರಾಂನ ಒಂದು ಡಬ್ಬಿ ಸೂಪ್, ಕಾಲು ಕಪ್ ನೀರು ಸೇರಿಸಿ ಗಂಟಿಲ್ಲದಂತೆ ಕಲಸಿ. ಎರಡು ಎಂಟಿಂಚಿನ ತಟ್ಟೆಗೆ ಹಾಕಿ 180 ಡಿಗ್ರಿಯಲ್ಲಿ 35 ನಿಮಿಷ ಬೇಯಿಸಿ, ಕಡ್ಡಿ ಚುಚ್ಚಿ ನೋಡಿ. ಸೋಡಾ ಆಗಲೇ ಕೆಲಸ ಶುರು ಮಾಡಿರುತ್ತದೆ, ಆದ್ದರಿಂದ ಓವನ್ ಮೊದಲೇ ಕಾದಿರಲಿ.

ಆಲ್‌ಸ್ಪೈಸ್ ಹೆಸರು ಕೇಳಿ ಗರಂ ಮಸಾಲೆ ಹಾಕಿಬಿಟ್ಟೀರಿ! ಅದು ಮಸಾಲೆಗಳ ಮಿಶ್ರಣ ಅಲ್ಲ, ಕಾಳುಮೆಣಸಿನ ಹಾಗೆ ಕಾಣುವ ಒಂದೇ ಕಾಯಿ. ಸಿಗದಿದ್ದರೆ ದಾಲ್ಚಿನ್ನಿ, ಲವಂಗ, ಜಾಯಿಕಾಯಿ ಬೆರೆಸಿದರೆ ಹತ್ತಿರ ಬರುತ್ತದೆ. ಲವಂಗ ಮಾತ್ರ ಕೈ ತಡೆದು ಹಾಕಿ.

ಬಣ್ಣ ಇಟ್ಟಿಗೆಗೆಂಪು. ಮೊದಲ ದಿನಕ್ಕಿಂತ ಮರುದಿನ ರುಚಿ ಜಾಸ್ತಿ, ಮಸಾಲೆ ಹದವಾಗಿ ಹಿಡಿದಿರುತ್ತದೆ. ಮೇಲೆ ಕ್ರೀಮ್ ಚೀಸ್ ಬಳಿದರೆ ಚೆನ್ನ. ಒಳಗೇನಿದೆ ಅಂತ ಮಾತ್ರ ಮೊದಲೇ ಬಾಯಿ ಬಿಡಬೇಡಿ. ನಾನೊಮ್ಮೆ ಹೇಳಿಬಿಟ್ಟೆ, ಬಂದವರೆಲ್ಲ ಕೇಕ್ ಬಿಟ್ಟು ಟೊಮ್ಯಾಟೊ ಹುಡುಕುತ್ತಾ ಕೂತರು. ಹೇಳದೆ ಬಡಿಸಿದ ದಿನ ಇನ್ನೊಂದು ತುಂಡು ಕೇಳಿದರು.