ರೋಸಾ ಪಾರ್ಕ್ಸ್ ಬಿಳಿಯರ ಸೀಟಿನಲ್ಲಿ ಕೂತಿದ್ದಕ್ಕೆ ಬಂಧನವಾಯಿತಾ?

ಇಲ್ಲ, ಹಾಗಂತ ತುಂಬಾ ಜನ ಅಂದುಕೊಂಡಿದ್ದಾರೆ ಅಷ್ಟೇ. ಅಮೆರಿಕದ ಕಪ್ಪು ಮಹಿಳೆ ರೋಸಾ ಕೂತಿದ್ದು ಬಸ್ಸಿನ ನಡುಭಾಗದಲ್ಲಿ. ಅಲ್ಲಿ ಕಪ್ಪು ಜನರೂ ಕೂರಬಹುದಿತ್ತು, ಆದರೆ ಬಿಳಿಯರಿಗೆಂದೇ ಇದ್ದ ಮುಂದಿನ ಸೀಟೆಲ್ಲ ತುಂಬಿ ಒಬ್ಬೇ ಒಬ್ಬ ಬಿಳಿಯ ನಿಂತಿದ್ದರೂ ಆ ಇಡೀ ಸಾಲು ಖಾಲಿ ಮಾಡಿಕೊಡಬೇಕಿತ್ತು. 1955ರ ಡಿಸೆಂಬರ್ 1ರ ಸಂಜೆ, ಅಲಬಾಮಾದ ಮಾಂಟ್‌ಗೊಮರಿಯಲ್ಲಿ, ಡ್ರೈವರ್ ಹೇಳಿದಾಗ ಉಳಿದ ಮೂವರು ಎದ್ದರು, ಹೊಲಿಗೆ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ರೋಸಾ ಏಳಲಿಲ್ಲ. ಬಂಧನವಾಗಿದ್ದು ಅದಕ್ಕೆ.

ಬಸ್ಸಿನ ಅವಮಾನ ಸೀಟಿನದು ಮಾತ್ರ ಅಲ್ಲ. ಕಪ್ಪು ಜನ ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿನಿಂದ ಹತ್ತಬೇಕಿತ್ತು. ಅಷ್ಟರಲ್ಲಿ ಬಸ್ ಹೊರಟೇ ಹೋಗುವುದೂ ಇತ್ತು! ದುಡ್ಡು ಹೋಯಿತು, ಬಸ್ಸೂ ಹೋಯಿತು.

ಆ ರಾತ್ರಿಯೇ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಬೆಳಗಿನವರೆಗೂ ಕೂತು, ಬಸ್ ಹತ್ತಬೇಡಿ ಎಂದು ಕರೆ ಕೊಡುವ ಸಾವಿರಾರು ಕರಪತ್ರ ತೆಗೆದರು. ಅವರ ಹೆಸರು ಯಾರೂ ಹೇಳುವುದಿಲ್ಲ, ನನಗೆ ಅದು ಬೇಜಾರು. ಊರಿನ ಕಪ್ಪು ಜನ 381 ದಿನ ಬಸ್ ಹತ್ತದೆ ನಡೆದರು, ಕಾರು ಹಂಚಿಕೊಂಡರು. ಕೊನೆಗೆ 1956ರಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನೇ ರದ್ದು ಮಾಡಿತು. ಆ ಕೇಸಿನಲ್ಲಿ ರೋಸಾ ಇರಲಿಲ್ಲ. ದೂರು ಕೊಟ್ಟವರಲ್ಲಿ ಒಬ್ಬಳು ಕ್ಲಾಡೆಟ್ ಕಾಲ್ವಿನ್, ರೋಸಾಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡಲ್ಲ ಅಂದು ಜೈಲಿಗೆ ಹೋದ 15 ವರ್ಷದ ಹುಡುಗಿ.